ಹಳದಿ-ಕಪ್ಪು ಪಟ್ಟೆ ಬಂದಾಗ ಯಾರನ್ನು ಕೇಳುವುದು?

ಕಳೆದ ಡಿಸೆಂಬರ್, ಸಾಯಂಕಾಲ ನಾಲ್ಕೂವರೆ. ಕಣದಲ್ಲಿ ತೂಕ ನಡೆಯುತ್ತಿತ್ತು. ಕೊಯ್ದ ಕಾಫಿ ಹಣ್ಣಿನ ಚೀಲ ಇಟ್ಟುಕೊಂಡು ಸುಮಾರು ಮೂವತ್ತು ಜನ ಸಾಲಾಗಿ ನಿಂತಿದ್ದರು. ತೋಟದ ಲೆಕ್ಕ ಬರೆಯುವ ರೈಟರ್ ಕೈಯಲ್ಲಿ ನಾನು ಬರೆದ ಆ್ಯಪ್ ಇರುವ ಫೋನ್. ಹೆಸರು ಆರಿಸಿದರು, ಕಿಲೋ ಬರೆಯಲು ಬೆರಳು ಇಟ್ಟರು. ಕೀಬೋರ್ಡ್ ಮೇಲೆ ಬಂತು, 'ಉಳಿಸಿ' ಬಟನ್ ಮಾಯ. ಅದರ ಜಾಗದಲ್ಲಿ ಹಳದಿ-ಕಪ್ಪು ಪಟ್ಟೆ. ಮಳೆಗಾಲದಲ್ಲಿ ಮಣ್ಣು ಕುಸಿದ ಕಡೆ ಕಟ್ಟುತ್ತಾರಲ್ಲ, ಥೇಟ್ ಅದೇ ಟೇಪು. ಪಕ್ಕದಲ್ಲಿ ಸಣ್ಣ ಅಕ್ಷರ: ಬಾಟಮ್ ಓವರ್‌ಫ್ಲೋಡ್ ಬೈ 87 ಪಿಕ್ಸೆಲ್ಸ್. ಅಂದರೆ ಪರದೆಯಲ್ಲಿ ಹಿಡಿಸದೆ ಕೆಳಗೆ 87 ಚುಕ್ಕೆಯಷ್ಟು ಹೊರಗೆ ಉಕ್ಕಿದೆ ಅಂತ.

"ಏನ್ ಸಾರ್, ರೋಡ್ ಬಂದ್ ಆಗಿದೆಯಾ?" ಎಂದರು ರೈಟರ್. ಎಲ್ಲರೂ ನಕ್ಕರು. ಅವತ್ತಿನ ಲೆಕ್ಕ ಹಳೇ ನೋಟ್‌ಬುಕ್ಕಿಗೇ ಹೋಯಿತು.

ನಾನು ಬೆಂಗಳೂರಿನಲ್ಲಿ ನಾಲ್ಕು ವರ್ಷ ಸರ್ವರ್ ಕಡೆಯ ಕೆಲಸ ಮಾಡಿದವನು. ಈಗ ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮದೇ ತೋಟ ನೋಡಿಕೊಂಡಿದ್ದೇನೆ. ಬಟನ್, ಕಿಟಕಿ, ಲಿಸ್ಟು ಇವೆಲ್ಲ ನನಗೆ ಹೊಸದು. ಫೋನಿಗೆ ಫ್ಲಟರ್‌ನಲ್ಲಿ ಒಂದು ಆ್ಯಪ್, ಆಫೀಸಿನ ಕಂಪ್ಯೂಟರಿಗೆ ಪೈಥಾನ್ ಮತ್ತು ಪೈಸೈಡ್ 6ರಲ್ಲಿ ಒಂದು ಪ್ರೋಗ್ರಾಮ್, ಎರಡನ್ನೂ ಬರೆದೆ. ಫ್ಲಟರ್, ಪೈಸೈಡ್ ಎರಡೂ ಪರದೆಯ ಬಟನ್, ಪಟ್ಟಿ ಕಟ್ಟಲು ಬಳಸುವ ಸಿದ್ಧ ಸಾಮಾನು. ಆ ಕೊಯ್ಲು ಮುಗಿಯುವುದರೊಳಗೆ ಮೂರು ಕಡೆ ಗಟ್ಟಿಯಾಗಿ ಸಿಕ್ಕಿಕೊಂಡೆ. ಮೂರನ್ನೂ ಬೇರೆ ಬೇರೆ ಕಡೆ ಕೇಳಿ ನೋಡಿದೆ: ಎಐ ಚಾಟ್, ಪ್ರೋಗ್ರಾಮ್ ಬರೆಯುವವರ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ, ಕೋಡ್ ಇಡುವ ತಾಣ ಗಿಟ್‌ಹಬ್‌ನ ದೂರುಗಳ ಪಟ್ಟಿ, ಒಂದು ಟೆಲಿಗ್ರಾಂ ಗ್ರೂಪು, ಕುಶಾಲನಗರದಲ್ಲಿರುವ ನನ್ನ ಜೂನಿಯರ್ ಹುಡುಗ. ತಮಾಷೆ ಏನೆಂದರೆ, ಒಂದೊಂದು ತೊಂದರೆಯನ್ನು ಬಿಡಿಸಿದ್ದು ಒಂದೊಂದು ಕಡೆ.

ಹೋಲಿಕೆಗೆ ಮೊದಲು ನಮ್ಮ ನೆಟ್‌ವರ್ಕ್ ವಿಷಯ ಹೇಳಬೇಕು. ಮನೆಯೊಳಗೆ ರೇಂಜ್ ಒಂದು ಕಡ್ಡಿ. ಕಣದ ಮೂಲೆಯಲ್ಲಿ ನಿಂತರೆ ಮೂರು. ಸಂಜೆ ವಾಟ್ಸ್ಆ್ಯಪ್ ಗ್ರೂಪಿನಲ್ಲಿ 'ಆನೆ ಇದೆ' ಅಂತ ಬಂತೋ, ಕಣಕ್ಕೂ ಇಳಿಯುವ ಹಾಗಿಲ್ಲ. ಸ್ಕ್ರೀನ್ ಶೇರ್ ಮಾಡಿ, ವಿಡಿಯೋ ನೋಡಿ ಅನ್ನುವ ಸಲಹೆಗಳೆಲ್ಲ ನನ್ನ ಮಟ್ಟಿಗೆ ಅರ್ಧ ಬೆಲೆಗೇ ಹೋಗುತ್ತವೆ.

ಮೊದಲು ಪಟ್ಟೆಯ ಕಥೆ. ಅವತ್ತು ರಾತ್ರಿಯೇ ಎಐ ಚಾಟ್‌ಗೆ ಕೇಳಿದೆ. ಯಾವ ಕಂಪನಿಯದ್ದು ಅನ್ನುವುದು ಬೇಡ. ಸ್ಕ್ರೀನ್‌ಶಾಟ್ ಹಾಕಿ, ಕನ್ನಡದಲ್ಲೇ "ಕೀಬೋರ್ಡ್ ಬಂದರೆ ಬಟನ್ ಕಾಣುವುದಿಲ್ಲ" ಎಂದು ಬರೆದೆ. ಹತ್ತು ಸೆಕೆಂಡಿನಲ್ಲಿ ಉತ್ತರ ಬಂತು: ಇಡೀ ಪರದೆಯ ಚೌಕಟ್ಟಾದ ಸ್ಕ್ಯಾಫೋಲ್ಡ್‌ನಲ್ಲಿ ರೀಸೈಜ್‌ಟುಅವಾಯ್ಡ್‌ಬಾಟಮ್‌ಇನ್‌ಸೆಟ್ ಅನ್ನುವುದನ್ನು ಫಾಲ್ಸ್ ಮಾಡಿ. ಮಾಡಿದೆ. ಪಟ್ಟೆ ಹೋಯಿತು, ಖುಷಿಯಾಯಿತು. ಮರುದಿನ ನೋಡಿದರೆ ಕೀಬೋರ್ಡ್ ಬಂದು ಕಿಲೋ ಬರೆಯುವ ಜಾಗವನ್ನೇ ಮುಚ್ಚಿಕೊಂಡಿದೆ! ಮೊದಲು ಬಟನ್ ಕಾಣುತ್ತಿರಲಿಲ್ಲ, ಈಗ ಏನು ಒತ್ತುತ್ತಿದ್ದೇವೆ ಅನ್ನುವುದೇ ಕಾಣುವುದಿಲ್ಲ. ಆ ಸೆಟ್ಟಿಂಗ್ ಮಾಡುವುದೇ ಅಷ್ಟು. ಕೀಬೋರ್ಡ್ ಬಂದಾಗ ಪರದೆ ಕುಗ್ಗುವುದನ್ನು ನಿಲ್ಲಿಸುತ್ತದೆ. ಕುಗ್ಗದಿದ್ದರೆ ಪಟ್ಟೆ ಇಲ್ಲ, ನಿಜ. ಜಾಗವೂ ಇಲ್ಲ.

ಮತ್ತೆ ಕೇಳಿದೆ. "ನೀವು ಹೇಳಿದ್ದು ಸರಿ" ಎಂದು ಶುರುಮಾಡಿ, ಇಡೀ ಕಾಲಮ್ಮನ್ನು (ಒಂದರ ಕೆಳಗೊಂದು ಜೋಡಿಸಿದ್ದನ್ನು) ಸಿಂಗಲ್‌ಚೈಲ್ಡ್‌ಸ್ಕ್ರೋಲ್‌ವ್ಯೂ ಒಳಗೆ, ಅಂದರೆ ಮೇಲೆ ಕೆಳಗೆ ಸರಿಸಬಹುದಾದ ಪೆಟ್ಟಿಗೆಯೊಳಗೆ, ಹಾಕಿ ಎಂದಿತು. ಇದು ಸರಿಯಾದ ದಾರಿ. ಆದರೆ ನನ್ನ ಪರದೆಯಲ್ಲಿ ಕೆಳಗೆ ಅವತ್ತಿನ ತೂಕದ ಪಟ್ಟಿಯೂ ಇತ್ತು, ಒಂದು ಲಿಸ್ಟ್‌ವ್ಯೂ, ಅದೂ ಸ್ಕ್ರೋಲ್ ಆಗುವಂಥದ್ದೇ. ಸ್ಕ್ರೋಲ್ ಆಗುವುದರ ಒಳಗೆ ಸ್ಕ್ರೋಲ್ ಆಗುವುದನ್ನು ಇಟ್ಟ ತಕ್ಷಣ ಹೊಸ ಎರರ್: ಎತ್ತರಕ್ಕೆ ಮಿತಿಯೇ ಇಲ್ಲ ಅಂತ. ಅದಕ್ಕೂ ಔಷಧಿ ರೆಡಿ ಇತ್ತು, ಶ್ರಿಂಕ್‌ರ್ಯಾಪ್ ಟ್ರೂ ಮಾಡಿ. ಹತ್ತು ಸಾಲಿನ ಪಟ್ಟಿಯಲ್ಲಿ ಚೆನ್ನಾಗಿಯೇ ಓಡಿತು. ಜನವರಿಯಲ್ಲಿ ಪಟ್ಟಿ ಮುನ್ನೂರು ಸಾಲು ದಾಟಿದಾಗ ರೈಟರ್ ಅವರ ಅಗ್ಗದ ಫೋನು ತೆವಳಲು ಶುರುಮಾಡಿತು. ಲಿಸ್ಟ್‌ವ್ಯೂ ಬಿಲ್ಡರ್ ಸಾಮಾನ್ಯವಾಗಿ ಕಣ್ಣಿಗೆ ಕಾಣುವ ಸಾಲುಗಳನ್ನು, ಅದರ ಆಚೀಚೆ ಕೆಲವನ್ನು ಮಾತ್ರ ಕಟ್ಟುತ್ತದೆ. ಹೀಗೆ ಒಳಗಿಟ್ಟು ಶ್ರಿಂಕ್‌ರ್ಯಾಪ್ ಹಾಕಿದರೆ ತನ್ನ ಪೂರ್ತಿ ಎತ್ತರ ಎಷ್ಟೆಂದು ತಿಳಿಯಲು ಮುನ್ನೂರನ್ನೂ ಕಟ್ಟಬೇಕಾಗುತ್ತದೆ. ಇದನ್ನು ಚಾಟ್ ನನಗೆ ಹೇಳಲಿಲ್ಲ. ನಾನೂ ಕೇಳಿರಲಿಲ್ಲ ಬಿಡಿ.

ಇದನ್ನು ಬಿಡಿಸಿದವನು ಜೂನಿಯರ್. ಗೋಣಿಕೊಪ್ಪಲಿಗೆ ಏನೋ ಕೆಲಸಕ್ಕೆ ಬಂದಿದ್ದ, ಲ್ಯಾಪ್‌ಟಾಪ್ ಹಿಡಿದುಕೊಂಡು ಹೋದೆ. ಹೋಟೆಲಿನಲ್ಲಿ ಕಾಫಿ ಬರುವಷ್ಟರಲ್ಲಿ ನನ್ನ ಕೋಡನ್ನು ಓದುವುದು ಬಿಟ್ಟು, "ಅಣ್ಣ, ಇನ್ಸ್‌ಪೆಕ್ಟರ್ ತೆಗೀರಿ" ಎಂದ. ಫ್ಲಟರ್ ಡೆವ್‌ಟೂಲ್ಸ್‌ನಲ್ಲಿ ಲೇಔಟ್ ಎಕ್ಸ್‌ಪ್ಲೋರರ್ ಅಂತ ಒಂದಿದೆ. ಯಾವ ಪೆಟ್ಟಿಗೆಗೆ ಎಷ್ಟು ಜಾಗ ಸಿಕ್ಕಿದೆ ಅನ್ನುವುದನ್ನು ಚಿತ್ರದ ಹಾಗೆ ತೋರಿಸುತ್ತದೆ. ನಾಲ್ಕು ತಿಂಗಳಿಂದ ಫ್ಲಟರ್ ಬರೆಯುತ್ತಿದ್ದವನು ನಾನು ಅದನ್ನು ಒಮ್ಮೆಯೂ ತೆಗೆದಿರಲಿಲ್ಲ. ಆಮೇಲೆ ಅವನು ಕೇಳಿದ ಪ್ರಶ್ನೆ: "ತೂಕ ಹಾಕುವಾಗ ಪಟ್ಟಿ ಯಾಕೆ ಬೇಕು? ಬೇರೆ ಪೇಜ್ ಮಾಡಿ." ಅಷ್ಟೇ. ಫಾರ್ಮ್ ಒಂದು ಪೇಜು, ಪಟ್ಟಿ ಇನ್ನೊಂದು ಪೇಜು. ಶ್ರಿಂಕ್‌ರ್ಯಾಪ್ ತೆಗೆದು ಹಾಕಿದೆ. ಮನುಷ್ಯನನ್ನು ಕೇಳುವುದರ ಲಾಭ ಇದು. ಚಾಟ್ ನಾನು ಕೇಳಿದ್ದಕ್ಕೆ ಉತ್ತರ ಕೊಟ್ಟಿತು, ಇವನು ನಾನು ಕೇಳಬಾರದ್ದನ್ನು ಕೇಳುತ್ತಿದ್ದೇನೆ ಎಂದ. ನಷ್ಟ ಏನೆಂದರೆ, ಅವನು ಸಿಗುವುದು ತಿಂಗಳಿಗೊಮ್ಮೆ.

ಹಾಗಂತ ಎಐ ಚಾಟ್ ದಂಡ ಅಂತಲ್ಲ. ಸ್ಕ್ರೀನ್ ಕೆಲಸದಲ್ಲಿ ದೊಡ್ಡ ಕಷ್ಟ ಹೆಸರು ಗೊತ್ತಿಲ್ಲದಿರುವುದು. ಸರ್ವರ್‌ನಲ್ಲಿ ಎರರ್ ಬಂದರೆ ಅಕ್ಷರದಲ್ಲಿ ಬರುತ್ತದೆ, ಕಾಪಿ ಮಾಡಿ ಹುಡುಕಬಹುದು. "ಬಟನ್ ಸ್ವಲ್ಪ ಕೆಳಗೆ ಜಾರಿದೆ" ಅನ್ನುವುದನ್ನು ಏನೆಂದು ಹುಡುಕುವುದು? ಆ್ಯಪನ್ನು ಆಂಡ್ರಾಯ್ಡ್ 15ಕ್ಕೆ ಅಂತ ಟಾರ್ಗೆಟ್ ಮಾಡಿದಾಗ ಕೆಳಗಿನ ಬಟನ್ ಫೋನಿನ ನ್ಯಾವಿಗೇಶನ್ ಪಟ್ಟಿಯ ಹಿಂದೆ ಸೇರಿಕೊಂಡಿತು. ಚಿತ್ರ ತೋರಿಸಿದ್ದೇ ತಡ, ಇದಕ್ಕೆ ಎಡ್ಜ್-ಟು-ಎಡ್ಜ್ ಎನ್ನುತ್ತಾರೆ, ಅಂಚಿನಲ್ಲಿ ಜಾಗ ಬಿಡುವ ಸೇಫ್‌ಏರಿಯಾ ಹಾಕಿ ಎಂದಿತು. ಹೆಸರು ಸಿಕ್ಕಿದ ಮೇಲೆ ಆಂಡ್ರಾಯ್ಡ್‌ನ ಅಧಿಕೃತ ಪುಟದಲ್ಲೇ ಎಲ್ಲ ಬರೆದಿತ್ತು. 15ನ್ನು ಟಾರ್ಗೆಟ್ ಮಾಡಿದ ಆ್ಯಪ್‌ಗಳು ಇನ್ನು ಮೇಲೆ ಪರದೆಯ ಅಂಚಿನ ತನಕ ಹರಡುತ್ತವೆ, ಜಾಗ ಬಿಡುವುದು ನಿಮ್ಮ ಕೆಲಸ, ಹೀಗೆ. ನಾನು ಈಗ ಚಾಟನ್ನು ಹೆಸರು ಕೇಳಲು ಬಳಸುತ್ತೇನೆ. ಕೋಡನ್ನು ಅನುಮಾನದಿಂದಲೇ ನೋಡುತ್ತೇನೆ. ಫ್ಲಟರ್‌ನಲ್ಲಿ ಇಲ್ಲವೇ ಇಲ್ಲದ ಒಂದು ಸೆಟ್ಟಿಂಗನ್ನು ಎರಡು ಸಲ ಧೈರ್ಯವಾಗಿ ಬರೆದುಕೊಟ್ಟಿದೆ, ಮರೆತಿಲ್ಲ.

ಎರಡನೆಯದು ಆಫೀಸಿನ ಕಂಪ್ಯೂಟರ್. ತೂಕದ ಮಿಷನ್ನಿಂದ ಕೇಬಲ್ ಎಳೆದು, ಯುಎಸ್‌ಬಿ ಕನ್ವರ್ಟರ್ ಹಾಕಿ, ಕಿಲೋ ನೇರವಾಗಿ ಪ್ರೋಗ್ರಾಮಿಗೇ ಬರಲಿ ಅಂತ ನನ್ನ ಆಸೆ. ಬಂತು. ಆದರೆ 'ತೂಕ ಓದು' ಒತ್ತಿದರೆ ಇಡೀ ಕಿಟಕಿ ಬೆಳ್ಳಗಾಗಿ, ಮೇಲೆ 'ನಾಟ್ ರೆಸ್ಪಾಂಡಿಂಗ್'. ಚೀಲ ಇಟ್ಟ ಮೇಲೆ ಮತ್ತೆ ಜೀವ ಬರುತ್ತಿತ್ತು.

ಇಲ್ಲಿ ಗೆದ್ದಿದ್ದು ಸ್ಟ್ಯಾಕ್ ಓವರ್‌ಫ್ಲೋ. ಪೈಸೈಡ್ ಕೆಳಗಿರುವ ಕ್ಯೂಟಿ ಹಳೇ ಸಾಮಾನು, ಮೊದಲು ಹೊರಬಂದಿದ್ದು 1995ರಲ್ಲಿ. ಸ್ಟ್ಯಾಕ್ ಓವರ್‌ಫ್ಲೋ ಶುರುವಾಗಿದ್ದು 2008ರಲ್ಲಿ. ಕ್ಯೂಟಿಯಲ್ಲಿ ನಾನು ಮಾಡಬಹುದಾದ ತಪ್ಪನ್ನೆಲ್ಲ ಯಾರೋ ಒಬ್ಬರು ಆಗಲೇ ಮಾಡಿ, ಅಲ್ಲಿ ಕೇಳಿ, ಉತ್ತರ ತೆಗೆದುಕೊಂಡು ಹೋಗಿದ್ದಾರೆ. ಕಾರಣವೂ ಅಲ್ಲೇ ಅರ್ಥವಾಯಿತು. ಕಿಟಕಿ ಬಿಡಿಸುವುದು, ಕ್ಲಿಕ್ಕಿಗೆ ಓಗೊಡುವುದು ಎರಡನ್ನೂ ಒಂದೇ ಥ್ರೆಡ್, ಅಂದರೆ ಪ್ರೋಗ್ರಾಮಿನೊಳಗೆ ಒಂದಾದ ಮೇಲೊಂದು ಕೆಲಸ ಮಾಡುವ ಒಂದು ಎಳೆ, ಮಾಡುತ್ತದೆ. ತೋಟದಲ್ಲಿ ಒಬ್ಬನೇ ರೈಟರ್ ಇದ್ದಾನೆ ಅಂದುಕೊಳ್ಳಿ. ಅವನು ಚೀಲ ಬರಲಿ ಅಂತ ತಕ್ಕಡಿಯನ್ನೇ ನೋಡುತ್ತಾ ಕೂತರೆ ಆಫೀಸಿನಲ್ಲಿ ಫೋನ್ ಎತ್ತುವವರಿಲ್ಲ. ನಾನು ಮಿಷನ್ನಿಂದ ಓದುವ ಸಾಲನ್ನು ಬಟನ್ನಿನ ಫಂಕ್ಷನ್ನಿನೊಳಗೇ ಬರೆದಿದ್ದೆ. ಅದು ಅಂಕಿ ಬರುವವರೆಗೆ ಕಾಯುತ್ತದೆ, ಅಷ್ಟು ಹೊತ್ತು ಕಿಟಕಿ ಸತ್ತಂತೆ. ಓದುವ ಕೆಲಸವನ್ನು ಬೇರೆ ಕ್ಯೂಥ್ರೆಡ್‌ಗೆ (ಕ್ಯೂಟಿಯ ಥ್ರೆಡ್) ಕಳಿಸಬೇಕು. ಅಂಕಿ ಬಂದಾಗ ಆ ಥ್ರೆಡ್ ಒಂದು ಸಿಗ್ನಲ್ ಕೊಡಬೇಕು. ಲೇಬಲ್ ಬದಲಿಸುವುದನ್ನು ಮಾತ್ರ ಮುಖ್ಯ ಥ್ರೆಡ್ಡೇ ಮಾಡಬೇಕು. ಈ ಕೊನೆಯ ಮಾತು ಗೊತ್ತಿಲ್ಲದೆ ನಾನು ಒಂದು ವಾರ ಒದ್ದಾಡಿದ್ದೆ. ಹೊಸ ಥ್ರೆಡ್ಡಿನಿಂದಲೇ ಲೇಬಲ್ ಮುಟ್ಟಿದೆ, ಹತ್ತು ಸಲ ಸರಿ ಬಂತು, ಹನ್ನೊಂದನೇ ಸಲ ಪ್ರೋಗ್ರಾಮ್ ಸದ್ದಿಲ್ಲದೆ ಮುಚ್ಚಿಕೊಂಡಿತು.

ಆದರೆ ಅಲ್ಲಿ ಉತ್ತರದ ತಾರೀಖು ನೋಡದೆ ಕೈ ಹಾಕಬೇಡಿ. 2011ರ ಉತ್ತರದಲ್ಲಿ ಸಿಗ್ನಲ್ ಜೋಡಿಸುವ ರೀತಿಯೇ ಬೇರೆ. ಅದು ಪೈಕ್ಯೂಟಿ 4ರ ಕಾಲ, ಪೈಥಾನ್‌ನಲ್ಲಿ ಕ್ಯೂಟಿ ಬಳಸುವ ಹಳೇ ಸಾಮಾನು. ತುಂಬಾ ಮತ ಬಿದ್ದಿದೆ ಅಂತ ಅದೇ ಮೇಲೆ ಕೂತಿರುತ್ತದೆ. ನಿಮಗೆ ಬೇಕಾದದ್ದು ಕೆಳಗೆ ಎರಡೋ ಮೂರೋ ಮತದ ಹೊಸ ಉತ್ತರ. ಇನ್ನೊಂದು ವಿಷಯ, ಎಐ ಬರೆದ ಉತ್ತರ ಹಾಕುವಂತಿಲ್ಲ ಅಂತ 2022ರ ಡಿಸೆಂಬರ್‌ನಲ್ಲೇ ಅಲ್ಲಿ ನಿಯಮ ಮಾಡಿದ್ದಾರೆ. ಓದುವ ನನಗೆ ಅದರಿಂದ ಒಳ್ಳೆಯದೇ ಆಗಿದೆ.

ಹೊಸ ಪ್ರಶ್ನೆ ಹಾಕಲು ಹೊರಟಿದ್ದು ಒಂದೇ ಸಲ. ತಪ್ಪು ಕಾಣಿಸುವಷ್ಟು ಚಿಕ್ಕ ಕೋಡ್ ಮಾತ್ರ ಹಾಕಿ ಅನ್ನುತ್ತಾರೆ ಅಲ್ಲಿ. ಎಂಟುನೂರು ಸಾಲನ್ನು ಕತ್ತರಿಸುತ್ತಾ ಕೂತೆ. ಡೇಟಾಬೇಸ್ ತೆಗೆದೆ, ಮೆನು ತೆಗೆದೆ, ಬಣ್ಣ ತೆಗೆದೆ. ನಲವತ್ತು ಸಾಲಿಗೆ ಬರುವಾಗ ತಪ್ಪು ತಾನೇ ಕಂಡಿತು: ಥ್ರೆಡ್ಡನ್ನು ಫಂಕ್ಷನ್ನಿನೊಳಗೆ ಹುಟ್ಟಿಸಿ ಎಲ್ಲೂ ಹಿಡಿದಿಟ್ಟುಕೊಂಡಿರಲಿಲ್ಲ. ಫಂಕ್ಷನ್ ಮುಗಿದ ಕೂಡಲೇ ಪೈಥಾನ್ ಅದನ್ನು ಗುಡಿಸಿ ಹಾಕುತ್ತಿತ್ತು. ಪ್ರಶ್ನೆ ಹಾಕಲೇ ಇಲ್ಲ.

ಇದೇ ತೊಂದರೆಯನ್ನು ಟೆಲಿಗ್ರಾಂ ಗ್ರೂಪಿನಲ್ಲೂ ಕೇಳಿದ್ದೆ. ಮೂರು ಜನ 'ಸೇಮ್ ಇಶ್ಯೂ ಬ್ರೋ' ಎಂದರು. ಒಬ್ಬರು ಭಾಷೆಯನ್ನೇ ಬದಲಿಸಿ ಎಂದರು. ಹೊತ್ತು ಕಳೆಯಲು ಚೆನ್ನಾಗಿದೆ.

ಮೂರನೆಯದು ನನ್ನ ಹೊಟ್ಟೆ ಉರಿಸಿದ್ದು. ವಾರದ ಕೊನೆಗೆ ಕೆಲಸದವರಿಗೆ ಚೀಟಿ ಕೊಡಬೇಕು. ಎಷ್ಟು ಕಿಲೋ, ಎಷ್ಟು ದುಡ್ಡು, ಕನ್ನಡದಲ್ಲಿ, ಪಿಡಿಎಫ್ ಮಾಡಿ. ಫೋನಿನ ಪರದೆಯಲ್ಲಿ 'ಒಟ್ಟು ಕೊಯ್ಲು' ಚೆನ್ನಾಗಿಯೇ ಇತ್ತು. ಪಿಡಿಎಫ್ ತೆಗೆದರೆ 'ಒಟ್‌ಟು ಕೊಯ್‌ಲು'. ಒತ್ತಕ್ಷರ ಎಲ್ಲ ಎದ್ದು ಪಕ್ಕದಲ್ಲಿ ನಿಂತಿದ್ದವು.

ಚಾಟ್ ಮೂರು ಸಲ ಒಂದೇ ಮಾತು ಹೇಳಿತು: ಫಾಂಟ್ ಬದಲಿಸಿ. ನೋಟೋ ಸ್ಯಾನ್ಸ್ ಕನ್ನಡ ಹಾಕಿದೆ, ಬೇರೆ ಎರಡು ಹಾಕಿದೆ, ಏನೂ ಆಗಲಿಲ್ಲ. ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಹುಡುಕಿದೆ, ಅಲ್ಲೂ ಕಣ್ಣಿಗೆ ಬಿದ್ದಿದ್ದು ಹೆಚ್ಚಾಗಿ ಫಾಂಟಿನ ಮಾತೇ. ಜೂನಿಯರ್‌ಗೂ ಗೊತ್ತಿರಲಿಲ್ಲ. ಕೊನೆಗೆ ನಾನು ಬಳಸುತ್ತಿದ್ದ ಪಿಡಿಎಫ್ ಪ್ಯಾಕೇಜಿನ (ಪಿಡಿಎಫ್ ಮಾಡಿಕೊಡುವ ಸಿದ್ಧ ಕೋಡ್) ಗಿಟ್‌ಹಬ್ ಪುಟಕ್ಕೆ ಹೋಗಿ 'ಹಿಂದಿ' ಅಂತ ಹುಡುಕಿದೆ. 'ಕನ್ನಡ' ಅಂತ ಹುಡುಕಿದ್ದರೆ ಸಿಗುತ್ತಿರಲಿಲ್ಲವೇನೋ. ಹಿಂದಿಯವರು, ಬಂಗಾಳಿಯವರು, ತಮಿಳಿನವರು ಎಲ್ಲರೂ ಅಲ್ಲಿ ಇದೇ ಗೋಳು ತೋಡಿಕೊಂಡಿದ್ದರು.

ವಿಷಯ ಇಷ್ಟು. ಯೂನಿಕೋಡ್‌ನಲ್ಲಿ 'ಟ್ಟು' ಎಂದರೆ ಟ, ವಿರಾಮ, ಟ, ಉಕಾರ, ನಾಲ್ಕು ತುಂಡು. ಇವನ್ನು ಸೇರಿಸಿ ಒಂದು ಅಕ್ಷರವಾಗಿ ಕೂರಿಸುವ ಕೆಲಸಕ್ಕೆ ಶೇಪಿಂಗ್ ಎನ್ನುತ್ತಾರೆ. ಫ್ಲಟರ್ ಪರದೆಯ ಮೇಲೆ ಅದನ್ನು ಹಾರ್ಫ್‌ಬಜ್ ಎಂಬ ಲೈಬ್ರರಿಯಿಂದ ಮಾಡಿಸಿಕೊಳ್ಳುತ್ತದೆ. ನನ್ನ ಪಿಡಿಎಫ್ ಪ್ಯಾಕೇಜ್ ಆ ಕೆಲಸವನ್ನೇ ಮಾಡುತ್ತಿರಲಿಲ್ಲ, ತುಂಡುಗಳನ್ನು ಸುಮ್ನೆ ಸಾಲಾಗಿ ಇಡುತ್ತಿತ್ತು. ಫಾಂಟಿನಲ್ಲಿ ಒತ್ತಕ್ಷರ ಇದೆ, ಕೇಳುವವರಿಲ್ಲ. ಎಷ್ಟು ಫಾಂಟ್ ಬದಲಿಸಿದರೂ ಅಷ್ಟೇ. ಪರಿಹಾರ ಕೂಡ ಆ ಗೋಳಿನ ನಡುವೆಯೇ ಇತ್ತು: ಚೀಟಿಯನ್ನು ಮೊದಲು ಪರದೆಯ ಮೇಲೆ ಬಿಡಿಸಿ, ರಿಪೇಂಟ್‌ಬೌಂಡರಿ ಹಾಕಿ ಅದನ್ನು ಚಿತ್ರವಾಗಿ ತೆಗೆದುಕೊಂಡು, ಆ ಚಿತ್ರವನ್ನು ಪಿಡಿಎಫ್‌ಗೆ ಅಂಟಿಸುವುದು. ಪಿಕ್ಸೆಲ್ ರೇಶಿಯೋ 3 ಕೊಟ್ಟೆ, ಅಕ್ಷರ ಮಸುಕಾಗಲಿಲ್ಲ.

ಇದನ್ನು ಹೆಮ್ಮೆಯಿಂದ ರೈಟರ್‌ಗೆ ತೋರಿಸಿದೆ. "ಫೋಟೋನೇ ತೆಗೀತೀರಿ ಅಂದ್ರೆ ಪಿಡಿಎಫ್ ಯಾಕೆ ಸಾರ್, ಫೋಟೋನೇ ವಾಟ್ಸ್ಆ್ಯಪ್ ಮಾಡಿದ್ರೆ ಆಯ್ತಲ್ವಾ?" ಎಂದರು. ಆಯ್ತು. ಪಿಡಿಎಫ್ ಪ್ಯಾಕೇಜನ್ನೇ ಕಿತ್ತು ಹಾಕಿದೆ.

ಈಗ ನನ್ನ ಅಭ್ಯಾಸ ಹೀಗಿದೆ. ಪರದೆಯಲ್ಲಿ ಏನೋ ಜಾರಿದರೆ ಮೊದಲು ಇನ್ಸ್‌ಪೆಕ್ಟರ್, ಆಮೇಲೆ ಚಾಟ್. ಹಳೇ ಡೆಸ್ಕ್‌ಟಾಪ್ ಸಾಮಾನಾದರೆ ಸ್ಟ್ಯಾಕ್ ಓವರ್‌ಫ್ಲೋ, ತಾರೀಖು ನೋಡಿಕೊಂಡು. ಕನ್ನಡ ಅಕ್ಷರದ ವಿಷಯವಾದರೆ ನೇರ ಗಿಟ್‌ಹಬ್, ಬೇರೆ ಕಡೆ ಟೈಮ್ ವೇಸ್ಟ್. ಜೂನ್‌ನಲ್ಲಿ ಮಳೆ ಹಿಡಿದು ಕರೆಂಟು, ನೆಟ್ಟು ಎರಡೂ ಹೋದಾಗ ಝೀಲ್ ಅಂತ ಒಂದು ಉಚಿತ ಪ್ರೋಗ್ರಾಮ್ ಕೈ ಹಿಡಿಯುತ್ತದೆ. ಕ್ಯೂಟಿ, ಪೈಥಾನ್ ದಾಖಲೆಗಳನ್ನು ಮೊದಲೇ ಇಳಿಸಿಟ್ಟುಕೊಂಡರೆ ಬ್ಯಾಟರಿ ಇರುವಷ್ಟು ಹೊತ್ತು ಓದಬಹುದು. ದುಡ್ಡು ಕೊಟ್ಟು ಒಬ್ಬರ ಹತ್ತಿರ ಮಾಡಿಸಿಯೂ ನೋಡಿದ್ದೇನೆ. ಕೆಲಸ ಆಯಿತು, ಏನು ಮಾಡಿದರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಹೊಸದೊಂದು ಬಂದಿದೆ. ದೊಡ್ಡಪ್ಪನಿಗೆ ಕಣ್ಣು ಮಂಜು, ಫೋನಿನಲ್ಲಿ ಅಕ್ಷರದ ಅಳತೆಯನ್ನು ಕೊನೆಯ ತನಕ ಎಳೆದಿಟ್ಟಿದ್ದಾರೆ. ಅವರ ಫೋನಿನಲ್ಲಿ ನನ್ನ ಬಟನ್ ಎರಡು ಸಾಲಾಗಿದೆ. ಮೇಲೆ 'ಉಳಿ', ಕೆಳಗೆ 'ಸಿ'. ಇದನ್ನು ಇನ್ನೂ ಯಾರನ್ನೂ ಕೇಳಿಲ್ಲ. ಇವತ್ತು ಕಣಕ್ಕೆ ಇಳಿಯುವ ಹಾಗಿಲ್ಲ, ಕೆಳಗಿನ ತೋಟದಲ್ಲಿ ಆನೆ ಇದೆಯಂತೆ.