ಕ್ರೌಸ್, ಫೈಫರ್ ಮನೆತನಗಳ ಬೇರು ಹುಡುಕಿದ ನಾಲ್ಕು ದಾರಿಗಳು

ನಮ್ಮತ್ತೆ ಪೆನ್ಸಿಲ್ವೇನಿಯಾದವರು. ಅವರ ಅಪ್ಪನ ಕಡೆಯವರು ಕ್ರೌಸ್, ಅಮ್ಮನ ಕಡೆಯವರು ಫೈಫರ್. ಎರಡೂ 18ನೇ ಶತಮಾನದಲ್ಲಿ ಜರ್ಮನಿಯಿಂದ ಬಂದ ಕುಟುಂಬಗಳು. ಅಲ್ಲಿನ ಊರು ಯಾವುದೆಂದು ಹುಡುಕಲು ಕೂತಾಗ ಮೊದಲು ಅಡ್ಡ ಬಂದದ್ದು ಸ್ಪೆಲಿಂಗ್.

ಎಲ್ಲರೂ ಹೇಳುವ ಸೌಂಡೆಕ್ಸ್‌ನಿಂದಲೇ ಶುರು ಮಾಡಿದೆ. ಸ್ಪೆಲಿಂಗ್ ಬೇರೆಯಾದರೂ ಒಂದೇ ಥರ ಕೇಳುವ ಹೆಸರುಗಳನ್ನು ಒಂದೇ ಪಟ್ಟಿಗೆ ತರಲು 1918ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ವಿಧಾನ ಇದು. ಹೆಸರಿನ ಮೊದಲ ಅಕ್ಷರ ಇಟ್ಟುಕೊಂಡು, ಮಿಕ್ಕಿದ್ದನ್ನು ಮೂರು ಅಂಕಿ ಮಾಡುತ್ತದೆ. ಶ್ನೈಡರ್ ಮತ್ತು ಸ್ನೈಡರ್ ಥಟ್ಟನೆ ಒಟ್ಟಿಗೆ ಸಿಕ್ಕವು. ಕ್ರೌಸ್ ಸಿಗಲಿಲ್ಲ. ಜರ್ಮನ್ನರು ಅದನ್ನು ‘ಕೆ’ಯಿಂದ ಬರೆಯುತ್ತಾರೆ, ನಮ್ಮತ್ತೆ ಮನೆಯವರು ‘ಸಿ’ಯಿಂದ. ಅಂಕಿ ಎರಡಕ್ಕೂ 620. ಆದರೆ ಮೊದಲ ಅಕ್ಷರ ಬೇರೆ, ಹಾಗಾಗಿ ಪಟ್ಟಿಯೂ ಬೇರೆ. ಕನ್ನಡದಲ್ಲಿ ಬರೆದರೆ ಎರಡೂ ‘ಕ’ದಿಂದಲೇ ಶುರು, ಅಲ್ವಾ? ಆಮೇಲೆ ಪ್ರತಿ ಹೆಸರನ್ನೂ ಕನ್ನಡದಲ್ಲಿ ಬರೆದುಕೊಂಡೇ ಹುಡುಕಿದೆ.

ಹಾನ್ಸ್ ಯೋಆಖಿಮ್ ಪೋಸ್ಟೆಲ್ 1969ರಲ್ಲಿ ಜರ್ಮನ್ ಹೆಸರುಗಳಿಗಾಗಿಯೇ ಕಲೋನ್ ಫೊನೆಟಿಕ್ಸ್ ಎಂಬ ವಿಧಾನ ಮಾಡಿದರು. ಇದು ಮೊದಲ ಅಕ್ಷರವನ್ನೂ ಅಂಕಿಯಾಗಿಸುತ್ತದೆ. ಕ್ರೌಸ್‌ನ ಎರಡು ರೂಪಕ್ಕೂ 478 ಬಂತು. ಆ ದಿನ ಎಷ್ಟು ಖುಷಿಯಾಯಿತು! ಫೈಫರ್ ಮಾತ್ರ ಕೈಕೊಟ್ಟಿತು. ಜರ್ಮನ್‌ನಲ್ಲಿ ಅದರ ಮುಂದೆ ಒಂದು ‘ಪಿ’ ಇದೆ: ‘ಪಿ’ ಇರುವುದಕ್ಕೆ 1337, ಇಲ್ಲದ್ದಕ್ಕೆ 337.

ಡೈಚ್-ಮೊಕೊಟಾಫ್ ವಿಧಾನ 1985ರದ್ದು. ಪೂರ್ವ ಯುರೋಪಿನ ಯಹೂದಿ ಹೆಸರುಗಳಿಗಾಗಿ ಮಾಡಿದ್ದು. ಆದರೂ ನನ್ನ ಕೆಲಸಕ್ಕೆ ಇದೇ ಹೆಚ್ಚು ಒದಗಿತು. ‘ಪಿ’, ‘ಎಫ್’ ಕೂಡಿ ಬಂದರೆ ಒಂದೇ ಸದ್ದು ಅಂತ ಇದಕ್ಕೆ ಗೊತ್ತು. ಎರಡೂ ಫೈಫರ್‌ಗೆ 779000. ಸಂಬಂಧವಿಲ್ಲದ ಹೆಸರುಗಳೂ ಜಾಸ್ತಿ ಬರುತ್ತವೆ, ಸೋಸಬೇಕು. ನನಗೆ ಆ ಶ್ರಮ ಬೇಸರವಾಗಲಿಲ್ಲ.

ಸದ್ದಿನ ವಿಧಾನಗಳಿಗೆಲ್ಲ ಒಂದು ಮಿತಿ ಇದೆ. ತ್ಸಿಮ್ಮರ್‌ಮನ್ ಅಂದರೆ ಜರ್ಮನ್‌ನಲ್ಲಿ ಬಡಗಿ. ಆ ಹೆಸರಿನವನು ಅದನ್ನು ಇಂಗ್ಲಿಷಿಗೆ ಅನುವಾದಿಸಿ ಕಾರ್ಪೆಂಟರ್ ಆಗಿದ್ದರೆ ಯಾವ ಅಂಕಿಯೂ ಅವನನ್ನು ಹಿಡಿಯಲಾರದು.

ಅಲ್ಲಿ ನೆರವಾಗುವುದು ಕಾಗದಪತ್ರಗಳ ದಾರಿ. ನಿಧಾನ, ಆದರೆ ನನಗೆ ಜಾಸ್ತಿ ನಂಬಿಕೆ ಇರುವುದು ಇದರಲ್ಲೇ. 1727ರಿಂದ ಫಿಲಡೆಲ್ಫಿಯಾದಲ್ಲಿ ಇಳಿದ 16 ದಾಟಿದ ಜರ್ಮನ್ ಗಂಡಸರು ಬ್ರಿಟನ್ನಿನ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಿ ಸಹಿ ಹಾಕಬೇಕಿತ್ತು. ಹಲವು ಹಡಗುಗಳಿಗೆ ಕಪ್ತಾನನ ಪಟ್ಟಿಯೂ ಉಳಿದಿದೆ. ಅದರಲ್ಲಿ ಹೆಸರು ಕಿವಿಗೆ ಬಿದ್ದ ಹಾಗೆ. ಸಹಿಯಲ್ಲಿ ಬಂದಿಳಿದವನೇ ಬರೆದ ಹಾಗೆ. ಬರೆಯಲು ಬಾರದವರು ಗುರುತು ಹಾಕಿದರು, ಹೆಸರನ್ನು ಗುಮಾಸ್ತ ಬರೆದ. ಆ ಸಹಿಗಳ ಪಡಿಯಚ್ಚು 1934ರಲ್ಲಿ ಪುಸ್ತಕವಾಗಿ ಬಂದಿದೆ. ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ಓದಿದೆ. ಕಪ್ತಾನನ ಪಟ್ಟಿಯ ‘ಸಿ’ಯ ಕ್ರೌಸ್, ಸಹಿಯಲ್ಲಿ ‘ಕೆ’ಯಿಂದ ಶುರುವಾಗಿದ್ದ. ನಮ್ಮತ್ತೆ ಆ ಸಹಿಯನ್ನು ಬಹಳ ಹೊತ್ತು ನೋಡುತ್ತಾ ಕೂತಿದ್ದರು.

ಫೈಫರ್ ಕಡೆ ನಮ್ಮತ್ತೆಯ ಪೂರ್ವಜ ಇರಬಹುದಾದವರು ಇನ್ನೂ ಮೂವರು ಉಳಿದಿದ್ದಾರೆ. ಸುಮ್ನೆ ಹೆಸರು ಹೊಂದಿತು ಅಂತ ಒಬ್ಬರನ್ನು ಆರಿಸಲು ಮನಸ್ಸಿಲ್ಲ. ನೆಂಟಸ್ತಿಕೆಯ ಸುಳಿವು ಸಿಗಬಹುದೆಂದು ಚರ್ಚಿನ ದೀಕ್ಷಾಸ್ನಾನದ ದಾಖಲೆಗಳಲ್ಲಿ ಮಕ್ಕಳಿಗೆ ಜ್ಞಾನಪಿತ, ಜ್ಞಾನಮಾತೆ ಆಗಿ ನಿಂತವರ ಹೆಸರು ಓದುತ್ತಿದ್ದೇನೆ. ಕುರೆಂಟ್ ಎಂಬ ಹಳೆಯ ಜರ್ಮನ್ ಕೈಬರಹ, ದಿನಕ್ಕೆ ಎರಡು ಪುಟ ಆದರೆ ಹೆಚ್ಚು.