ಮಂಜಿನ ಹಾದಿಗೆ ಹೆಲ್ಮೆಟ್ಟಿನ ಒಳಪದರ

ಡಿಸೆಂಬರ್ ತಿಂಗಳ ಮುಂಜಾನೆ ಮಡಿಕೇರಿಯಿಂದ ಸುಂಟಿಕೊಪ್ಪದ ಮಾರ್ಗವಾಗಿ ಕುಶಾಲನಗರಕ್ಕೆ ಬೈಕಿನಲ್ಲಿ ಇಳಿಯುವಾಗ ನನ್ನ ಉಸಿರೇ ಹೆಲ್ಮೆಟ್ಟಿನ ವೈಸರ್‌ಗೆ (ಮುಖದ ಮುಂದಿನ ಪಾರದರ್ಶಕ ಕವಚಕ್ಕೆ) ಮಂಜಾಗಿ ಕಟ್ಟಿಕೊಂಡು ಎದುರಿನ ತಿರುವು ಕಾಣದಂತಾಗುತ್ತಿದ್ದುದರಿಂದ, ಅದರ ಒಳಬದಿಯ ಪಿನ್ನುಗಳಿಗೆ ಸಿಕ್ಕಿಕೊಂಡು ಕೂರುವ, ಮಂಜು ಕಟ್ಟದಂತೆ ತಡೆಯುವ ಪಿನ್‌ಲಾಕ್ ಎಂಬ ತೆಳು ಪಾರದರ್ಶಕ ಪದರವನ್ನು ಹಾಕಿಸಿಕೊಂಡೆ. ಅಂಚಿನ ಸಿಲಿಕೋನ್ ಗೆರೆಯು ವೈಸರ್ ಮತ್ತು ಪದರದ ನಡುವೆ ಗಾಳಿಯನ್ನು ಹಿಡಿದಿಡುವುದರಿಂದ ಒಳಪದರವು ಹೊರಗಿನಷ್ಟು ತಣ್ಣಗಾಗುವುದಿಲ್ಲ. ಜೊತೆಗೆ ತೇವವನ್ನೂ ಹೀರಿಕೊಳ್ಳುತ್ತದೆ. ಎರಡು ಚಳಿಗಾಲಗಳಿಂದ, ವೈಸರನ್ನು ಪೂರ್ತಿ ಮುಚ್ಚಿಕೊಂಡೇ, ಕಾಫಿ ತೋಟಗಳ ನಡುವಿನ ಒದ್ದೆ ತಿರುವುಗಳನ್ನು ನಿಚ್ಚಳವಾಗಿ ನೋಡುತ್ತಾ ಓಡಿಸುತ್ತಿದ್ದೇನೆ. ಹೊರಮೈಗೆ ಕೂರುವ ಮಂಜಿನ ಹನಿಗೆ ಮಾತ್ರ ಇದು ಮದ್ದಲ್ಲ, ಅದನ್ನು ಕೈಗವಸಿನ ಹೆಬ್ಬೆರಳಿನಿಂದಲೇ ಒರೆಸಬೇಕು. ರಾತ್ರಿ ಎದುರು ಬರುವ ಲಾರಿಗಳ ದೀಪಗಳು ಜೋಡುಬಿಂಬವಾಗಿ ಕಾಣುವುದು ನನಗೆ ಕಿರಿಕಿರಿಯೇ. ಪದರ ಬಹಳ ಮೃದು. ಒರಟು ಬಟ್ಟೆಯಿಂದ ಉಜ್ಜಿ ಮೊದಲ ವಾರವೇ ಗೀರು ಬೀಳಿಸಿದ್ದು ನನ್ನದೇ ತಪ್ಪು. ಪಿನ್ನುಗಳಿರುವ ವೈಸರ್‌ಗಷ್ಟೇ ಇದು ಹೊಂದುವುದರಿಂದ ಕೊಳ್ಳುವ ಮುನ್ನ ನಿಮ್ಮ ಹೆಲ್ಮೆಟ್ಟನ್ನು ಪರೀಕ್ಷಿಸಿಕೊಳ್ಳಿ.