ಲಿಬ್‌ಕರ್ಲ್ ಕಾಲ್‌ಬ್ಯಾಕ್‌ಗೆ ನಮ್ಮ ಡೇಟಾ: ಗ್ಲೋಬಲ್, ರೈಟ್‌ಡೇಟಾ, ಪ್ರೈವೇಟ್

ತಿಕೋಟಾ ಕಡೆ ಎಂಟು ದ್ರಾಕ್ಷಿ ತೋಟಗಳಲ್ಲಿ ಹವೆ ಅಳೆಯುವ ಪೆಟ್ಟಿಗೆಗಳಿವೆ. ಎಲೆ ಎಷ್ಟು ಹೊತ್ತು ಒದ್ದೆಯಿತ್ತು ಅನ್ನೋದು ಗೊತ್ತಾದರೆ ಔಷಧ ಹೊಡೆಯೋದು ಯಾವಾಗ ಅಂತ ರೈತರು ನೋಡಿಕೊಳ್ಳುತ್ತಾರೆ. ಆ ಅಂಕಿಗಳನ್ನು ತರಿಸಿ ತೋಟಕ್ಕೊಂದು ಫೈಲ್ ಮಾಡುವ ಪ್ರೋಗ್ರಾಂ ಒಂದನ್ನು ವಿಜಯಪುರದಲ್ಲಿ ಕೂತು ಸಿ ಭಾಷೆಯಲ್ಲಿ ಬರೆದೆ. ಎಂಟೂ ಒಟ್ಟಿಗೆ ಇಳಿಯಬೇಕು, ಹಾಗಾಗಿ ನೆಟ್‌ನಿಂದ ಡೇಟಾ ತರುವ ಲೈಬ್ರರಿ ಲಿಬ್‌ಕರ್ಲ್‌ನಲ್ಲಿ ಹಲವು ಡೌನ್‌ಲೋಡ್ ಒಟ್ಟಿಗೆ ನಡೆಸುವ ಮಲ್ಟಿ ಬಳಸಿದೆ. ಡೇಟಾದ ತುಣುಕು ಬಂದಾಗಲೆಲ್ಲ ಲಿಬ್‌ಕರ್ಲ್ ಕರೆಯುವ ನಮ್ಮ ಫಂಕ್ಷನ್ನೇ ಕಾಲ್‌ಬ್ಯಾಕ್. ಬಂದ ತುಣುಕು ಯಾವ ತೋಟದ್ದು ಅಂತ ಕಾಲ್‌ಬ್ಯಾಕ್‌ಗೆ ತಿಳಿಸೋದು ಹೇಗೆ?

ಮೊದಲು ಗ್ಲೋಬಲ್ ವೇರಿಯಬಲ್, ಅಂದರೆ ಇಡೀ ಪ್ರೋಗ್ರಾಂಗೆ ಒಂದೇ ಆಗಿರೋದು. ಒಂದೇ ತೋಟಕ್ಕೆ ಸರಿಯಾಗಿತ್ತು. ಎಂಟು ಸೇರಿದಾಗ ಒಬ್ಬರ ಅಂಕಿ ಇನ್ನೊಬ್ಬರ ಫೈಲ್‌ಗೆ ಬಿತ್ತು. ತುಣುಕುಗಳು ಸರದಿಯಲ್ಲಿ ಬರೋದಿಲ್ಲ. ತಪ್ಪು ಅಂಕಿ ನಂಬಿ ರೈತ ಸುಮ್ನೆ ಔಷಧಕ್ಕೆ ದುಡ್ಡು ಹಾಕಬಾರದು. ಇದನ್ನು ಅಲ್ಲಿಗೇ ಬಿಟ್ಟೆ.

ನನಗೆ ಮನಸ್ಸಿಗೆ ಹಿಡಿಸಿದ್ದು ರೈಟ್‌ಡೇಟಾ. ಒಂದೊಂದು ಡೌನ್‌ಲೋಡ್‌ಗೂ ಒಂದು ಹ್ಯಾಂಡಲ್ ಇರುತ್ತದೆ, ಪ್ರತಿ ಹ್ಯಾಂಡಲ್‌ಗೆ ಒಂದು ಪಾಯಿಂಟರ್ (ಮೆಮೊರಿಯಲ್ಲಿನ ವಿಳಾಸ) ಕೊಡುತ್ತೇವೆ. ಅದೇ ಕಾಲ್‌ಬ್ಯಾಕ್‌ನ ನಾಲ್ಕನೇ ಆರ್ಗ್ಯುಮೆಂಟ್ ಆಗಿ ಬರುತ್ತದೆ. ಹೊಲಕ್ಕೆ ಬುತ್ತಿ ಒಯ್ಯುವವರು ಗಂಟು ಬಿಚ್ಚಿ ನೋಡೋದಿಲ್ಲ, ಅಲ್ವಾ? ಲಿಬ್‌ಕರ್ಲ್ ಕೂಡ ಹಾಗೇ. ಆದರೆ ನಮ್ಮ ಕಾಲ್‌ಬ್ಯಾಕ್ ಯಾವುದು ಅಂತ ತಿಳಿಸುವ ರೈಟ್‌ಫಂಕ್ಷನ್ ಕೊಡೋದು ಮರೆತರೆ ಅದು ಗಂಟನ್ನು ತೆರೆದ ಫೈಲ್ ಅಂದುಕೊಂಡು ಬರೆಯಲು ಹೋಗುತ್ತದೆ. ಪ್ರೋಗ್ರಾಂ ಬೀಳುತ್ತದೆ.

ನನ್ನ ಎರಡು ದಿನ ತಿಂದದ್ದು ಮಾತ್ರ ಬೇರೆ. ಲೂಪ್ ಒಳಗೆ ತೋಟದ ವಿವರ ಇಡುವ ಸ್ಟ್ರಕ್ಟ್ ಮಾಡಿ ಅದರ ವಿಳಾಸ ಕೊಟ್ಟಿದ್ದೆ. ಲೂಪ್ ಮುಗಿದಾಗ ಸ್ಟ್ರಕ್ಟ್ ಹೋಯಿತು, ಲಿಬ್‌ಕರ್ಲ್ ಕೈಯಲ್ಲಿ ಹಳೇ ವಿಳಾಸ ಉಳಿಯಿತು. ಪಾಯಿಂಟರ್ ಕೊಟ್ಟರೆ ಒಳಗಿನದರ ನಕಲು ಆಗೋದಿಲ್ಲ. ಈಗ ಎಂಟು ಸ್ಟ್ರಕ್ಟ್‌ಗಳ ಅರೇ ಹೊರಗಿದೆ, ಕೊನೆಯ ತೋಟದ ಅಂಕಿ ಇಳಿಯುವವರೆಗೂ ಇರುತ್ತದೆ. ನಡುವೆ ರಿಅಲಾಕ್ ಮಾಡಿ ಅರೇ ಹಿಗ್ಗಿಸಬೇಡಿ, ವಿಳಾಸವೇ ಬದಲಾಗಬಹುದು. ಕಾಲ್‌ಬ್ಯಾಕ್ ತನಗೆ ಬಂದಷ್ಟೇ ಬೈಟ್‌ಗಳ ಲೆಕ್ಕ ವಾಪಸ್ ಕೊಡಬೇಕು. ಕಡಿಮೆ ಹೇಳಿದರೆ 23ನೇ ನಂಬರಿನ ಎರರ್ ಕೊಟ್ಟು ಡೌನ್‌ಲೋಡ್ ನಿಲ್ಲುತ್ತದೆ.

ಪ್ರೈವೇಟ್ ಕೂಡ ಹ್ಯಾಂಡಲ್‌ಗೆ ಕಟ್ಟಿದ ಪಾಯಿಂಟರೇ, ಆದರೆ ರೈಟ್ ಕಾಲ್‌ಬ್ಯಾಕ್‌ಗೆ ಅದು ಸಿಗೋದಿಲ್ಲ. ಕೆಲಸ ಮುಗಿದಾಗ ಮಲ್ಟಿ ಹ್ಯಾಂಡಲ್ ಮತ್ತು ಫಲಿತಾಂಶದ ಕೋಡ್ ಕೊಡುತ್ತದೆ, ತೋಟದ ಹೆಸರು ಹೇಳೋದಿಲ್ಲ. ಆಗ ಹ್ಯಾಂಡಲ್‌ನ ಮಾಹಿತಿ ಕೊಡುವ ಗೆಟ್‌ಇನ್ಫೋ ಮೂಲಕ ಪ್ರೈವೇಟ್ ಕೇಳಿದರೆ ಯಾವ ತೋಟ ಅಂತ ತಕ್ಷಣ ಗೊತ್ತಾಗುತ್ತದೆ. ಹಾಗಾಗಿ ನಾನು ರೈಟ್‌ಡೇಟಾ, ಪ್ರೈವೇಟ್ ಎರಡಕ್ಕೂ ಒಂದೇ ಸ್ಟ್ರಕ್ಟ್‌ನ ವಿಳಾಸ ಕೊಡುತ್ತೇನೆ. ಎಷ್ಟು ಇಳಿಯಿತು ಅಂತ ತೋರಿಸುವ ಕಾಲ್‌ಬ್ಯಾಕ್ ಹಾಕುವುದಾದರೆ ಅದಕ್ಕೆ ಎಕ್ಸ್‌ಫರ್‌ಇನ್ಫೋಡೇಟಾ ಪ್ರತ್ಯೇಕವಾಗಿ ಕೊಡಬೇಕು, ರೈಟ್‌ಡೇಟಾ ಅಲ್ಲಿಗೆ ಹೋಗೋದಿಲ್ಲ.